ಬೆಲ್ಲದ ದುಡ್ಡು, ಹಾಲಿನ ದುಡ್ಡು: ಮನಸ್ಸು ಮತ್ತು ಹಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ, ಮನೆ ಮೈಸೂರಿನಲ್ಲಿ. ಬೆಳಗಿನ ರೈಲಿನಲ್ಲಿ ಎದುರು ಕೂರುವವರು, ತರಗತಿಯ ಹುಡುಗ ಹುಡುಗಿಯರು, ಮದ್ದೂರಿನ ಕಡೆಯ ನೆಂಟರು ವರ್ಷಗಳಿಂದ ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಉತ್ತರಗಳು ಒಂದೇ ಅಳತೆಯವಲ್ಲ. ಕೆಲವು ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಮುಗಿಯುತ್ತವೆ, ಕೆಲವು ಮಂಡ್ಯದಲ್ಲಿ ಇಳಿದ ಮೇಲೂ ಪ್ಲಾಟ್‌ಫಾರಂ ಮೇಲೆ ಮುಂದುವರಿಯುತ್ತವೆ.

ಅರ್ಥಶಾಸ್ತ್ರದಲ್ಲಿ ಮನಃಶಾಸ್ತ್ರಕ್ಕೆ ಏನು ಕೆಲಸ?

ಪದವಿ ತರಗತಿಯ ಪಠ್ಯದಲ್ಲಿ ಒಬ್ಬ ಗ್ರಾಹಕ ಬರುತ್ತಾನೆ. ಅವನಿಗೆ ಸಂತೆಯ ಎಲ್ಲ ಅಂಗಡಿಗಳ ಬೆಲೆ ಗೊತ್ತು. ನಾಳೆ ಏನು ಬೇಕಾದೀತೆಂದು ಇವತ್ತೇ ಗೊತ್ತು. ಸಿಟ್ಟಿಗೆ ಬಿದ್ದು ಏನನ್ನೂ ಕೊಳ್ಳುವುದಿಲ್ಲ, ನಾಚಿಕೆಗೆ ಬಿದ್ದು ಏನನ್ನೂ ಬಿಡುವುದಿಲ್ಲ, ತಂಗಿಯ ಮದುವೆಗೆ ಕೈಮೀರಿ ಸಾಲ ಮಾಡುವುದಿಲ್ಲ. ಇಂಥವನನ್ನು ನಾನು ದೇವರಾಜ ಮಾರುಕಟ್ಟೆಯಲ್ಲಾಗಲಿ ಮಂಡ್ಯದ ಪೇಟೆಬೀದಿಯಲ್ಲಾಗಲಿ ಈವರೆಗೆ ಕಂಡಿಲ್ಲ. ಪಠ್ಯ ಬರೆದವರೂ ಕಂಡಿರಲಿಲ್ಲ. ಲೆಕ್ಕ ಸುಲಭವಾಗಲಿ ಎಂದು ಅವನನ್ನು ಹಾಗೆ ಕಲ್ಪಿಸಿಕೊಂಡರು.

1955ರಲ್ಲಿ ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್ ಈ ಕಲ್ಪನೆಗೆ ನೇರವಾಗಿ ಕೈ ಹಾಕಿದರು. ಮನುಷ್ಯನ ಗಮನ, ನೆನಪು, ಸಮಯ ಎಲ್ಲಕ್ಕೂ ಮಿತಿಯಿದೆ. ಅತ್ಯುತ್ತಮವಾದುದು ಸಿಗುವವರೆಗೆ ಯಾರೂ ಹುಡುಕುವುದಿಲ್ಲ, ‘ಇದಾದೀತು’ ಎನಿಸಿದಲ್ಲಿ ನಿಲ್ಲುತ್ತಾರೆ ಎಂದರು. 1978ರಲ್ಲಿ ಅವರಿಗೆ ನೊಬೆಲ್ ಬಂತು. ಅದರ ಮರುವರ್ಷವೇ ಇಸ್ರೇಲಿನ ಇಬ್ಬರು ಮನಃಶಾಸ್ತ್ರಜ್ಞರು, ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವರ್ಸ್ಕಿ, ಲಾಭನಷ್ಟಗಳನ್ನು ಮನಸ್ಸು ಹೇಗೆ ತೂಗುತ್ತದೆ ಎಂಬ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಈಗ ವರ್ತನಾ ಅರ್ಥಶಾಸ್ತ್ರ ಎಂದು ಕರೆಯುವ ಶಾಖೆ ಬಹುಮಟ್ಟಿಗೆ ಆ ಲೇಖನದಿಂದ ಕವಲೊಡೆದದ್ದು. ಕಾನೆಮನ್ ಅವರಿಗೆ 2002ರಲ್ಲಿ ನೊಬೆಲ್ ಸಿಕ್ಕಿತು. ಟ್ವರ್ಸ್ಕಿ 1996ರಲ್ಲೇ ತೀರಿಕೊಂಡಿದ್ದರು.

ವರ್ತನಾ ಅರ್ಥಶಾಸ್ತ್ರ, ಪ್ರಾಯೋಗಿಕ ಅರ್ಥಶಾಸ್ತ್ರ ಎರಡೂ ಒಂದೇ ತಾನೇ?

ಸೋದರಸಂಬಂಧಿಗಳು, ಅವಳಿಗಳಲ್ಲ. ಮೊದಲನೆಯದು ಮನಸ್ಸಿನ ಬಗೆಗಿನ ತಿಳಿವಳಿಕೆ. ಎರಡನೆಯದು ಪರೀಕ್ಷಿಸುವ ವಿಧಾನ. ಪ್ರಯೋಗದ ಹಾದಿಯಲ್ಲಿ ದೊಡ್ಡ ಹೆಸರು ವರ್ನನ್ ಸ್ಮಿತ್. 2002ರ ನೊಬೆಲನ್ನು ಕಾನೆಮನ್ ಜೊತೆ ಹಂಚಿಕೊಂಡವರು ಇವರೇ.

ಇಬ್ಬರ ಪದ್ಧತಿಯೂ ಬೇರೆ. ಮನಃಶಾಸ್ತ್ರಜ್ಞರು ಪ್ರಯೋಗದ ನಿಜವಾದ ಉದ್ದೇಶವನ್ನು ಕೆಲವೊಮ್ಮೆ ಮರೆಮಾಚುತ್ತಾರೆ. ಅರ್ಥಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸುಳ್ಳು ಹೇಳುವಂತಿಲ್ಲ, ಮತ್ತು ಆಟದಲ್ಲಿ ಗೆದ್ದ ಹಣವನ್ನು ನಿಜವಾಗಿಯೂ ಎಣಿಸಿ ಕೊಡಬೇಕು.

ಹಾಗಾದರೆ ಜನ ದಡ್ಡರು ಎಂದು ಸಾಬೀತು ಮಾಡುವುದೇ ಈ ಶಾಸ್ತ್ರದ ಕಸುಬೇ?

ರೈಲಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದನ್ನು ಸಿಟ್ಟಿನಿಂದಲೇ ಕೇಳಿದ್ದರು. ಜನಪ್ರಿಯ ಬರಹಗಳನ್ನಷ್ಟೇ ಓದಿದರೆ ಹಾಗೆನಿಸುವುದು ಸಹಜ. ‘ನೀವು ಮಾಡುವ ಹತ್ತು ತಪ್ಪುಗಳು’ ಎಂಬ ಧಾಟಿ ಅವುಗಳದು. ನನಗೆ ಈ ಧಾಟಿ ಹಿಡಿಸುವುದಿಲ್ಲ. ಪ್ರಯೋಗಗಳನ್ನು ಹತ್ತಿರದಿಂದ ನೋಡಿದರೆ ತಿಳಿಯುವುದು ಯಾವ ಪರಿಸ್ಥಿತಿ ಯಾರನ್ನು ಎಲ್ಲಿಗೆ ತಳ್ಳುತ್ತದೆ ಎಂಬುದು.

ಉದಾಹರಣೆಗೆ ಸ್ಮಿತ್ 1962ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ವಿದ್ಯಾರ್ಥಿಗಳಲ್ಲಿ ಅರ್ಧ ಜನ ಮಾರುವವರು, ಅರ್ಧ ಜನ ಕೊಳ್ಳುವವರು. ಪ್ರತಿಯೊಬ್ಬರ ಚೀಟಿಯಲ್ಲಿ ಒಂದು ಗುಟ್ಟಿನ ಬೆಲೆ: ಕೊಳ್ಳುವವನಿಗೆ ಇದಕ್ಕಿಂತ ಹೆಚ್ಚು ಕೊಡಬೇಡ, ಮಾರುವವನಿಗೆ ಇದಕ್ಕಿಂತ ಕಡಿಮೆಗೆ ಬಿಡಬೇಡ. ಎಲ್ಲರೂ ಬಾಯಿಬಿಟ್ಟು ಕೂಗಿ ವ್ಯಾಪಾರ ಮಾಡಬೇಕು. ಇನ್ನೊಬ್ಬರ ಚೀಟಿಯಲ್ಲಿ ಏನಿದೆಯೆಂದು ಯಾರಿಗೂ ತಿಳಿಯದು. ಆದರೂ ಕೆಲವೇ ಸುತ್ತುಗಳಲ್ಲಿ ಬೆಲೆ, ಪಠ್ಯದ ಬೇಡಿಕೆ ಮತ್ತು ಪೂರೈಕೆಯ ರೇಖೆಗಳು ಕೂಡುವ ಬಿಂದುವಿನ ಹತ್ತಿರಕ್ಕೆ ಬಂದು ನಿಂತಿತು. ಮಂಡ್ಯದ ಬೆಲ್ಲದ ಮಾರುಕಟ್ಟೆಯಲ್ಲಿ ಹರಾಜು ನೋಡಿದವರಿಗೆ ಇದು ಹೊಸದೆನಿಸುವುದಿಲ್ಲ. ಒಬ್ಬೊಬ್ಬರಾಗಿ ನೋಡಿದರೆ ಎಡವುವವರು, ಸರಿಯಾದ ಕಟ್ಟುಪಾಡಿನ ಸಂತೆಯಲ್ಲಿ ಜಾಣರಾಗುತ್ತಾರೆ.

ನಷ್ಟದ ನೋವು ಲಾಭದ ಸಂತೋಷಕ್ಕಿಂತ ದೊಡ್ಡದು ಎನ್ನುತ್ತಾರಲ್ಲ, ಅದನ್ನು ಅಳೆದದ್ದು ಹೇಗೆ?

ಕಾನೆಮನ್ ಮತ್ತು ಟ್ವರ್ಸ್ಕಿಯವರ 1979ರ ಲೇಖನದಲ್ಲಿ ಬಂದ ಒಂದು ಜೋಡಿ ಪ್ರಶ್ನೆ ಹೀಗಿದೆ. ಖಚಿತವಾಗಿ 3000 ಬೇಕೋ ಅಥವಾ ನೂರಕ್ಕೆ 80ರಷ್ಟು ಸಂಭವವಿರುವ 4000 ಬೇಕೋ? ನೂರಕ್ಕೆ 80 ಜನ ಖಚಿತವಾದ 3000 ಸಾಕೆಂದರು. ಈಗ ಅದನ್ನೇ ತಿರುಗಿಸಿ: ಖಚಿತವಾಗಿ 3000 ಕಳೆದುಕೊಳ್ಳುತ್ತೀರೋ ಅಥವಾ ನೂರಕ್ಕೆ 80ರಷ್ಟು ಸಂಭವದ 4000 ನಷ್ಟಕ್ಕೆ ಒಡ್ಡಿಕೊಳ್ಳುತ್ತೀರೋ? ಈಗ ನೂರಕ್ಕೆ 92 ಜನ ಜೂಜನ್ನೇ ಆರಿಸಿಕೊಂಡರು. ಗಳಿಸುವಾಗ ಅಳುಕುವ ಮನುಷ್ಯ ಕಳೆದುಕೊಳ್ಳುವಾಗ ಪುಂಡನಾಗುತ್ತಾನೆ. 1992ರಲ್ಲಿ ಅವರೇ ಮಾಡಿದ ಇನ್ನೊಂದು ಅಂದಾಜಿನ ಪ್ರಕಾರ ನಷ್ಟದ ತೂಕ ಅಷ್ಟೇ ಮೊತ್ತದ ಲಾಭದ 2.25 ಪಟ್ಟು.

ಆದರೆ ಯಾವುದು ಲಾಭ, ಯಾವುದು ನಷ್ಟ? ಮನಸ್ಸು ಎಲ್ಲಿಂದ ಎಣಿಸಲು ತೊಡಗುತ್ತದೆ ಎಂಬುದರ ಮೇಲೆ ಅದು ನಿಂತಿದೆ. ನನ್ನ ದೊಡ್ಡಪ್ಪ ಒಂದು ವರ್ಷ ಆಲೆಮನೆಯಿಂದ ಬಂದ ಅಚ್ಚು ಬೆಲ್ಲವನ್ನು ಮಾರದೆ ಹಟ್ಟಿಯ ಪಕ್ಕದ ಕೋಣೆಯಲ್ಲಿ ಪೇರಿಸಿಟ್ಟರು. ಆ ದಿನದ ಧಾರಣೆಯಲ್ಲಿ ಖರ್ಚು ಕಳೆದು ಕೈಗೆ ನಾಲ್ಕು ಕಾಸು ಉಳಿಯುತ್ತಿತ್ತು. ಅವರ ಲೆಕ್ಕ ಅದಲ್ಲ. "ಹೋದ ವರ್ಷ ಇದೇ ಬೆಲ್ಲಕ್ಕೆ ಏನು ಧಾರಣೆ ಇತ್ತು ಗೊತ್ತೇನಪ್ಪ? ಈಗ ಕೊಟ್ಟರೆ ಕ್ವಿಂಟಲಿಗೆ ಇನ್ನೂರು ಲುಕ್ಸಾನು," ಎಂದರು. ಹೋದ ವರ್ಷದ ಧಾರಣೆ ಅವರ ಮನಸ್ಸಿನಲ್ಲಿ ಮೈಲಿಗಲ್ಲಿನ ಹಾಗೆ ನೆಟ್ಟಿತ್ತು. ಅದರ ಈಚೆಗೆ ಸಿಕ್ಕಿದ್ದೆಲ್ಲ ನಷ್ಟ. ಮುಂಗಾರು ಬಂತು. ಗಾಳಿಯ ತೇವಕ್ಕೆ ಬೆಲ್ಲ ಬೆವರತೊಡಗಿತು. ತಳದ ಸಾಲಿನ ಅಚ್ಚುಗಳು ಮೂಲೆ ಕಳೆದುಕೊಂಡು ಗೋಣಿಗೆ ಅಂಟಿಕೊಂಡವು, ಇರುವೆಗಳು ಗೋಡೆ ಹತ್ತಿದವು. ದೊಡ್ಡಮ್ಮ ದಿನಕ್ಕೊಮ್ಮೆ ಬಾಗಿಲು ತೆರೆದು ನೋಡಿ ಏನೂ ಹೇಳದೆ ಮುಚ್ಚುತ್ತಿದ್ದರು. ಕೊನೆಗೆ ಆ ಬೆಲ್ಲ ಯಾವ ದರಕ್ಕೆ ಹೋಯಿತೆಂದು ದೊಡ್ಡಪ್ಪ ಯಾರಿಗೂ ಹೇಳಲಿಲ್ಲ.

ನಮ್ಮದಾದ ಕೂಡಲೇ ವಸ್ತುವಿನ ಬೆಲೆ ಏರುತ್ತದೆಯೇ?

ಏರುತ್ತದೆ. ಕಾನೆಮನ್, ಜ್ಯಾಕ್ ನೆಟ್ಶ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತರಗತಿಯ ಅರ್ಧ ಜನರಿಗೆ ಕಾಫಿ ಕುಡಿಯುವ ಮಗ್ಗುಗಳನ್ನು ಕೊಟ್ಟು, ಬೇಕಿದ್ದರೆ ಉಳಿದವರಿಗೆ ಮಾರಿ ಎಂದರು. ಮಗ್ಗು ಸಿಕ್ಕವರು ಕೇಳಿದ ಬೆಲೆ, ಸಿಗದವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡರಷ್ಟಿತ್ತು. ಯಾರಿಗೆ ಮಗ್ಗು ಎಂಬುದು ಕೇವಲ ಅದೃಷ್ಟ. ಹತ್ತು ನಿಮಿಷದ ಒಡೆತನ.

ನಾನು ಇದನ್ನು ತರಗತಿಯಲ್ಲಿ ಐದು ರೂಪಾಯಿ ಪೆನ್ನುಗಳಿಂದ ಮಾಡಿ ತೋರಿಸುವುದುಂಟು. ಒಮ್ಮೆ ಒಬ್ಬಳು ಹನ್ನೆರಡು ರೂಪಾಯಿಗೆ ಕಡಿಮೆ ಕೊಡಲಾರೆ ಎಂದು ಕೂತಳು. ಏಕಮ್ಮಾ ಎಂದರೆ, "ಇದು ಚೆನ್ನಾಗಿ ಬರೆಯುತ್ತದೆ ಸರ್" ಎಂದಳು. ಪೆನ್ನಿನ ಮುಚ್ಚಳವನ್ನು ಇನ್ನೂ ತೆಗೆದಿರಲಿಲ್ಲ.

ಇವೆಲ್ಲ ವಿದೇಶಿ ವಿದ್ಯಾರ್ಥಿಗಳ ಆಟ. ನಮ್ಮ ರೈತರಿಗೆ ಅನ್ವಯಿಸುತ್ತದೆಯೇ?

ನ್ಯಾಯವಾದ ಪ್ರಶ್ನೆ. 1979ರ ಪ್ರಶ್ನೆಗಳಿಗೆ ಉತ್ತರಿಸಿದವರು ಬಹುಪಾಲು ವಿಶ್ವವಿದ್ಯಾಲಯದವರು, ಹಣವೂ ಕಾಗದದ ಮೇಲಿನದು. ಅದೇ ಹೊತ್ತಿಗೆ ನಮ್ಮ ದೇಶದಲ್ಲೇ ನಿಜವಾದ ದುಡ್ಡಿನಿಂದ ಒಂದು ಕೆಲಸ ನಡೆದಿತ್ತು, ಅದು ನಮ್ಮವರಿಗೇ ಹೆಚ್ಚು ಗೊತ್ತಿಲ್ಲ.

ಒಣಭೂಮಿ ಬೆಳೆಗಳ ಸಂಶೋಧನೆ ನಡೆಸುವ, ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ಮೂಲಕ ಹಾನ್ಸ್ ಬಿನ್ಸ್‌ವಾಂಗರ್ ಮಹಾರಾಷ್ಟ್ರ ಮತ್ತು ಆಂಧ್ರದ ಹಳ್ಳಿಗಳಲ್ಲಿ ಒಣಭೂಮಿ ರೈತರ ಜೊತೆ ನಾಣ್ಯ ಚಿಮ್ಮುವ ಆಟ ಆಡಿದರು. ಫಲಿತಾಂಶ 1980ರಲ್ಲಿ ಪ್ರಕಟವಾಯಿತು. ಎಂಟು ಆಯ್ಕೆಗಳು. ಒಂದು ತುದಿಯಲ್ಲಿ ರಾಜ ಬೀಳಲಿ ರಾಣಿ ಬೀಳಲಿ 50 ರೂಪಾಯಿ. ಇನ್ನೊಂದು ತುದಿಯಲ್ಲಿ ಒಂದು ಮುಖಕ್ಕೆ ಸೊನ್ನೆ, ಇನ್ನೊಂದಕ್ಕೆ 200. ನಡುವೆ ಮೆಟ್ಟಿಲು ಮೆಟ್ಟಿಲಾಗಿ ಅಪಾಯ ಏರುವ ಆಯ್ಕೆಗಳು. ಆಟವನ್ನು ಐವತ್ತು ಪೈಸೆಯಿಂದ ಶುರು ಮಾಡಿ ವಾರಗಳ ಅಂತರದಲ್ಲಿ ಮೊತ್ತ ಏರಿಸುತ್ತಾ ಹೋದರು. ಆಗಿನ ಕೂಲಿಯವನಿಗೆ 50 ರೂಪಾಯಿ ಸಣ್ಣ ಮೊತ್ತವಲ್ಲ. ಪೈಸೆಯ ಆಟದಲ್ಲಿ ಆಯ್ಕೆಗಳು ಚದುರಿದ್ದವು. ಮೊತ್ತ ಏರಿದಂತೆ ಹೆಚ್ಚಿನವರು ನಡುಮಟ್ಟದ ಎಚ್ಚರಿಕೆಗೆ ಬಂದು ನಿಂತರು. ನನಗೆ ಮುಖ್ಯವೆನಿಸುವುದು ಮುಂದಿನ ಮಾತು: ಇದರಲ್ಲಿ ಶ್ರೀಮಂತ ಬಡವರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಬಡ ರೈತ ಹೊಸ ತಳಿ ಹಾಕದಿದ್ದರೆ ‘ಅವನಿಗೆ ಧೈರ್ಯವಿಲ್ಲ’ ಎಂದು ಷರಾ ಬರೆಯುವ ಮೊದಲು, ಅವನಿಗೆ ಸಾಲ ಸಿಗುತ್ತಿದೆಯೇ, ನೀರು ಬರುತ್ತಿದೆಯೇ ಎಂದು ನೋಡಬೇಕಾಗುತ್ತದೆ.

ದುಡ್ಡೆಂದರೆ ದುಡ್ಡು. ಬೆಲ್ಲದ ದುಡ್ಡು ಬೇರೆ, ಹಾಲಿನ ದುಡ್ಡು ಬೇರೆ ಎಂದು ಏಕೆ ಇಡುತ್ತಾರೆ?

ಪಠ್ಯದ ಪ್ರಕಾರ ನೂರು ರೂಪಾಯಿ ನೋಟಿಗೆ ಊರಿಲ್ಲ, ಕುಲವಿಲ್ಲ. ಮನೆಯಲ್ಲಿ ಇದೆ. ಡೇರಿಯ ಬಟವಾಡೆ ಬಂದರೆ ಅದು ಅಡುಗೆಮನೆಗೆ, ಮಕ್ಕಳ ಫೀಜಿಗೆ. ಮಂಡ್ಯದ ಹಳ್ಳಿಗಳಲ್ಲಿ ಅದು ಬಹುಮಟ್ಟಿಗೆ ಹೆಂಗಸರ ಕೈಯ ದುಡ್ಡು. ಕಬ್ಬಿನ ಬಿಲ್ಲು ಬಂದರೆ ಅದು ಮದುವೆಗೆ, ಕೊಳವೆಬಾವಿಗೆ, ಹಳೆಯ ಸಾಲಕ್ಕೆ. ಹಾಲಿನ ದುಡ್ಡಿನಲ್ಲಿ ಸಾಲ ತೀರಿಸಿ ಕಬ್ಬಿನ ದುಡ್ಡಿನಲ್ಲಿ ಸಾಸಿವೆ ಕೊಂಡರೆ ಲೆಕ್ಕ ಒಂದೇ, ಆದರೆ ಯಾರೂ ಹಾಗೆ ಮಾಡುವುದಿಲ್ಲ.

ಥೇಲರ್ ಇದನ್ನು ಮನಸ್ಸಿನ ಖಾತೆ ಪುಸ್ತಕ ಎಂಬ ಅರ್ಥದಲ್ಲಿ ವಿವರಿಸಿದರು. 2017ರ ನೊಬೆಲ್ ಅವರದು. ಕಾನೆಮನ್ ಮತ್ತು ಟ್ವರ್ಸ್ಕಿ 1981ರಲ್ಲಿ ಕೇಳಿದ ಪ್ರಶ್ನೆಯನ್ನು ಮೈಸೂರಿಗೆ ತಂದು ಹೇಳುವುದಾದರೆ: ರಂಗಾಯಣದ ನಾಟಕಕ್ಕೆ ಹೊರಟಿದ್ದೀರಿ. ಬಾಗಿಲ ಹತ್ತಿರ ಬಂದಾಗ ಜೇಬಿನಲ್ಲಿದ್ದ ನೂರು ರೂಪಾಯಿ ಕಳೆದುಹೋಗಿದೆ. ಟಿಕೆಟ್ ಕೊಳ್ಳುತ್ತೀರಾ? ಇನ್ನೊಂದು ಸಂದರ್ಭ: ಮೊದಲೇ ಕೊಂಡಿದ್ದ ನೂರು ರೂಪಾಯಿಯ ಟಿಕೆಟ್ಟೇ ಕಳೆದಿದೆ. ಇನ್ನೊಂದು ಕೊಳ್ಳುತ್ತೀರಾ? ಅವರ ಮೂಲ ಪ್ರಶ್ನೆಯಲ್ಲಿ ಮೊತ್ತ ಹತ್ತು ಡಾಲರ್. ನೋಟು ಕಳೆದಾಗ ನೂರಕ್ಕೆ 88 ಜನ ಕೊಳ್ಳುತ್ತೇವೆ ಎಂದರು, ಟಿಕೆಟ್ ಕಳೆದಾಗ 46 ಜನ ಮಾತ್ರ. ಕಳೆದದ್ದು ಅಷ್ಟೇ, ಆದರೆ ಎರಡನೆಯದು ನಾಟಕದ ಖಾತೆಗೆ ಎರಡು ಸಲ ಖರ್ಚು ಬಿತ್ತು.

ಇದು ತಪ್ಪೇ? ನನ್ನ ಅಭಿಪ್ರಾಯದಲ್ಲಿ ಅನೇಕ ಸಲ ಅಲ್ಲ. ಕೀನ್ಯಾದ ಹಾಲು ಉತ್ಪಾದಕರ ಬಗ್ಗೆ ಲೊರೆಂಜೊ ಕಸಬುರಿ ಮತ್ತು ರೊಕ್ಕೊ ಮಕಿಯವೆಲ್ಲೊ 2019ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಡೇರಿಗೆ ಕನ್ನಡಿ ಹಿಡಿದಂತಿದೆ. ವ್ಯಾಪಾರಿ ದಿನವೂ ಕೈಗೆ ಹಣ ಕೊಡುತ್ತಾನೆ, ಬೆಲೆಯೂ ಹೆಚ್ಚು. ಸಹಕಾರ ಸಂಘ ತಿಂಗಳಿಗೊಮ್ಮೆ ಕೊಡುತ್ತದೆ, ಬೆಲೆ ಕಡಿಮೆ. ಆದರೂ ರೈತರು ಸಂಘಕ್ಕೇ ಹಾಲು ಹಾಕುತ್ತಾರೆ, ಏಕೆಂದರೆ ದಿನದಿನದ ಚಿಲ್ಲರೆ ಕೈಯಲ್ಲಿ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತು. ತಡವಾಗಿ ಬರುವ ಹಣವೇ ಅವರ ಉಳಿತಾಯ. ತನ್ನ ದೌರ್ಬಲ್ಯ ತಿಳಿದು ಅದಕ್ಕೊಂದು ಬೇಲಿ ಹಾಕಿಕೊಂಡವರನ್ನು ದಡ್ಡರೆನ್ನುವುದು ಹೇಗೆ?

ಬ್ಯಾಂಕು ಇರುವಾಗ ಜನ ಚೀಟಿ ಏಕೆ ಹಾಕುತ್ತಾರೆ?

ಮೊದಲು ಲೆಕ್ಕ. ಇಪ್ಪತ್ತು ಜನ, ತಿಂಗಳಿಗೆ 5,000 ರೂಪಾಯಿ, ಒಟ್ಟು ಒಂದು ಲಕ್ಷದ ಹರಾಜು ಚೀಟಿ ಎಂದುಕೊಳ್ಳಿ. ಅವಸರವಿದ್ದವರು ಕೂಗುತ್ತಾರೆ. ಒಬ್ಬರು 25,000 ಬಿಟ್ಟುಕೊಟ್ಟು 75,000ಕ್ಕೆ ಚೀಟಿ ಎತ್ತಿದರು. ಬಿಟ್ಟದ್ದರಲ್ಲಿ ನಡೆಸುವವರ ಕಮಿಷನ್ 5,000 ಹೋಗಿ ಉಳಿದ 20,000 ಇಪ್ಪತ್ತು ಜನಕ್ಕೆ ಹಂಚಿಕೆಯಾಗುತ್ತದೆ. ಆ ತಿಂಗಳು ಪ್ರತಿಯೊಬ್ಬರೂ ಕಟ್ಟುವುದು 4,000. ಮೊದಲು ಎತ್ತಿದವರಿಗೆ ಇದು ಸಾಲ, ಕೊನೆಯವರೆಗೆ ಕಾದವರಿಗೆ ಉಳಿತಾಯ. 1982ರ ಚಿಟ್ ಫಂಡ್ ಕಾಯ್ದೆ ಕಮಿಷನ್ನಿಗೆ ನೂರಕ್ಕೆ 5ರ ಮಿತಿ ಹಾಕಿತ್ತು, 2019ರ ತಿದ್ದುಪಡಿ ಅದನ್ನು 7ಕ್ಕೆ ಏರಿಸಿತು.

ಇನ್ನು ಮನಸ್ಸು. ಬ್ಯಾಂಕಿಗೆ ಈ ತಿಂಗಳು ಹಣ ಹಾಕದಿದ್ದರೆ ಕೇಳುವವರಿಲ್ಲ. ಚೀಟಿ ಕಟ್ಟದಿದ್ದರೆ ಪಕ್ಕದ ಬೀದಿಯ ಅಕ್ಕ ಬಾಗಿಲಿಗೆ ಬರುತ್ತಾರೆ. ಆ ಸಂಕೋಚವೇ ಬೇಲಿ. ಫಿಲಿಪೀನ್ಸ್‌ನಲ್ಲಿ ನವಾ ಅಶ್ರಫ್, ಡೀನ್ ಕಾರ್ಲನ್, ವೆಸ್ಲಿ ಯಿನ್ ಇದನ್ನೇ ಪ್ರಯೋಗಕ್ಕೆ ಒಡ್ಡಿದರು, 2006ರಲ್ಲಿ ಪ್ರಕಟವಾಯಿತು. ಗುರಿ ಮುಟ್ಟುವವರೆಗೆ ತೆಗೆಯಲಾಗದಂಥ ಉಳಿತಾಯ ಖಾತೆಯನ್ನು ಬ್ಯಾಂಕಿನ ಕೆಲವು ಗ್ರಾಹಕರ ಮುಂದಿಟ್ಟರು. ಹೆಚ್ಚಿನ ಬಡ್ಡಿಯೇನೂ ಇಲ್ಲ, ಬರೀ ಬೀಗ. ನೂರಕ್ಕೆ 28 ಜನ ಒಪ್ಪಿದರು. ವರ್ಷದ ಕೊನೆಗೆ, ಆ ಅವಕಾಶ ಪಡೆದ ಗುಂಪಿನ ಉಳಿತಾಯ ಪಡೆಯದ ಗುಂಪಿಗೆ ಹೋಲಿಸಿದರೆ ನೂರಕ್ಕೆ 81ರಷ್ಟು ಹೆಚ್ಚಿತ್ತು. ನೈರೋಬಿಯ ಕಿಬೆರಾ ಬಡಾವಣೆಯ ಚೀಟಿಗಳನ್ನು ಕುರಿತ 2002ರ ಅಧ್ಯಯನವೊಂದು ಇನ್ನೊಂದು ಕಾರಣವನ್ನೂ ಎತ್ತಿ ತೋರಿಸಿತು: ಗಂಡನ ಕೈಗೆ ದುಡ್ಡು ಸಿಗದಂತೆ ನೋಡಿಕೊಳ್ಳಲು ಹೆಂಗಸರು ಚೀಟಿ ಸೇರುತ್ತಾರೆ. ಇದನ್ನು ನಮ್ಮ ಬೀದಿಯಲ್ಲಿ ಹೇಳಿದಾಗ ಹೆಂಗಸರು ನಕ್ಕರು, ಗಂಡಸರು ಮಾತು ಬದಲಿಸಿದರು.

ನೋಂದಣಿಯಿಲ್ಲದ ಚೀಟಿಗೆ ಮಾತ್ರ ಹೋಗಬೇಡಿ. ರಾತ್ರೋರಾತ್ರಿ ಮನೆಗೆ ಬೀಗ ಜಡಿದು ಹೋದವರ ಕಥೆ ಪ್ರತಿ ಬಡಾವಣೆಯಲ್ಲೂ ಒಂದಿದೆ.

ಬಡತನ ಬುದ್ಧಿಯನ್ನು ಮಂಕು ಮಾಡುತ್ತದೆ ಎಂಬುದು ನಿಜವೇ?

ಮಂಡ್ಯದವರು ಈ ಉತ್ತರವನ್ನು ನಿಧಾನವಾಗಿ ಓದಬೇಕು, ಏಕೆಂದರೆ ಪ್ರಯೋಗ ನಡೆದದ್ದು ಕಬ್ಬು ಬೆಳೆಗಾರರ ಮೇಲೆ.

ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್ ಮತ್ತು ಜಿಯಾಯಿಂಗ್ ಝಾವೊ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ತಮಿಳುನಾಡಿನ 54 ಹಳ್ಳಿಗಳ 464 ಕಬ್ಬು ಬೆಳೆಗಾರರು. ಕಬ್ಬಿನ ಹಣ ವರ್ಷಕ್ಕೊಮ್ಮೆ ಬರುತ್ತದೆ. ಆದ್ದರಿಂದ ಒಬ್ಬನೇ ರೈತ ಕಟಾವಿಗೆ ಮುಂಚೆ ಬಡವ, ಬಿಲ್ಲು ಕೈಸೇರಿದ ಮೇಲೆ ಅನುಕೂಲಸ್ಥ. ಮನುಷ್ಯ ಅವನೇ, ಓದು ಅಷ್ಟೇ, ಜಮೀನು ಅದೇ. ಬದಲಾದದ್ದು ಕೈಯಲ್ಲಿರುವ ದುಡ್ಡು ಮಾತ್ರ. ಕಾರ್ಖಾನೆಗಳು ಬೇರೆ ಬೇರೆ ರೈತರಿಗೆ ಬೇರೆ ಬೇರೆ ತಿಂಗಳಲ್ಲಿ ಕಟಾವಿಗೆ ಸರದಿ ಕೊಡುವುದರಿಂದ ಹಬ್ಬ, ಹವೆ ಇತ್ಯಾದಿಗಳ ಪ್ರಭಾವವನ್ನೂ ಬೇರ್ಪಡಿಸಬಹುದಿತ್ತು. ಕಟಾವಿಗೆ ಮುಂಚೆ ನೂರಕ್ಕೆ 78 ಜನ ಏನನ್ನಾದರೂ ಗಿರವಿ ಇಟ್ಟಿದ್ದರು, ಆಮೇಲೆ 4 ಜನ. ಚಿತ್ರಗಳ ವಿನ್ಯಾಸ ಪೂರ್ತಿ ಮಾಡುವ ಹತ್ತು ಪ್ರಶ್ನೆಗಳ ಬುದ್ಧಿಪರೀಕ್ಷೆಯಲ್ಲಿ ಸರಿಯುತ್ತರಗಳ ಸರಾಸರಿ ಮುಂಚೆ 4.35, ಆಮೇಲೆ 5.45.

ಇದರ ಅರ್ಥ, ಬಾಕಿ ಸಾಲದ ಚಿಂತೆ ತಲೆಯ ಜಾಗವನ್ನು ತಿನ್ನುತ್ತದೆ ಎಂಬುದು ಅವರ ವಾದ. ಆಕ್ಷೇಪಗಳೂ ಬಂದವು. ಎರಡನೆಯ ಸಲ ಪರೀಕ್ಷೆ ಬರೆಯುವಾಗ ಅಭ್ಯಾಸದಿಂದಲೇ ಅಂಕ ಏರಲಿಲ್ಲವೇ ಎಂದರು. ಅದಕ್ಕೆಂದೇ ಕಟಾವಿನ ನಂತರ ಮಾತ್ರ ಮೊದಲ ಬಾರಿಗೆ ಪರೀಕ್ಷೆ ತೆಗೆದುಕೊಂಡ ರೈತರ ಗುಂಪನ್ನೂ ಲೇಖಕರು ಹೋಲಿಸಿದ್ದರು. ಅಮೆರಿಕದ ಬಡ ಕುಟುಂಬಗಳಲ್ಲಿ ಸಂಬಳಕ್ಕೆ ಮುಂಚೆ ಮತ್ತು ಸಂಬಳದ ನಂತರ ಹೋಲಿಸಿದ 2016ರ ಇನ್ನೊಂದು ಅಧ್ಯಯನದಲ್ಲಿ ಬುದ್ಧಿಪರೀಕ್ಷೆಯ ವ್ಯತ್ಯಾಸ ಕಾಣಿಸಲಿಲ್ಲ. ಹದಿನೈದು ದಿನಕ್ಕೊಮ್ಮೆ ಬರುವ ಸಂಬಳದ ಏರಿಳಿತಕ್ಕೂ ವರ್ಷವಿಡೀ ಕಾಯುವ ಕಬ್ಬಿನ ಬಿಲ್ಲಿಗೂ ಹೋಲಿಕೆ ಎಲ್ಲಿಯದು ಎಂದು ನಾನು ಕೇಳಬಹುದು, ಆದರೆ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿಗಾಗಿ ರಸ್ತೆ ತಡೆ ನಡೆಯದ ವರ್ಷ ನಮ್ಮ ಜಿಲ್ಲೆಯಲ್ಲಿ ಅಪರೂಪ. ರೈತನಿಗೆ ಹಣಕಾಸಿನ ಶಿಸ್ತು ಕಲಿಸಲು ಶಿಬಿರ ನಡೆಸುವವರು ಆ ಹದಿನಾಲ್ಕು ದಿನದ ಬಗ್ಗೆಯೂ ಒಂದು ಶಿಬಿರ ನಡೆಸಲಿ, ಬೇರೆ ಕಡೆ.

ಸಿಕ್ಕ ಹಣವನ್ನು ಬೇಡ ಎನ್ನುವವರು ಇರುತ್ತಾರೆಯೇ?

ಧಾರಾಳವಾಗಿ. ವೆರ್ನರ್ ಗ್ಯೂತ್ ಮತ್ತು ಸಂಗಡಿಗರು 1982ರಲ್ಲಿ ಜರ್ಮನಿಯಲ್ಲಿ ಆಡಿಸಿದ ಆಟ: ಒಬ್ಬನಿಗೆ ಒಂದಿಷ್ಟು ಹಣ (ನಮ್ಮ ಲೆಕ್ಕಕ್ಕೆ ನೂರು ರೂಪಾಯಿ ಎನ್ನಿ) ಕೊಟ್ಟು, ಎದುರಿನವನಿಗೆ ಎಷ್ಟು ಕೊಡುತ್ತೀಯೋ ಹೇಳು ಎನ್ನುವುದು. ಎದುರಿನವನು ಒಪ್ಪಿದರೆ ಹಾಗೆಯೇ ಹಂಚಿಕೆ, ಒಪ್ಪದಿದ್ದರೆ ಇಬ್ಬರಿಗೂ ಸೊನ್ನೆ. ಪಠ್ಯದ ಮನುಷ್ಯ ಒಂದು ರೂಪಾಯಿಯನ್ನೂ ಬಿಡಬಾರದು. ನಿಜವಾದ ಮನುಷ್ಯ ಅದನ್ನು ಮುಖಕ್ಕೆ ಎಸೆಯುತ್ತಾನೆ. ತಾನು ಕಳೆದುಕೊಂಡರೂ ಸರಿ, ಅವನಿಗೆ ಸಿಗಬಾರದು.

ಎಲ್ಲ ಕಡೆ ಹೀಗೇ ಎಂದುಕೊಂಡಿದ್ದಾಗ ಜೋಸೆಫ್ ಹೆನ್ರಿಕ್ ಪೆರುವಿನ ಅಮೆಜಾನ್ ಕಾಡಿನ ಮಚಿಗೆಂಗ ಜನರ ನಡುವೆ ಆಟ ಆಡಿಸಿದರು. ಅಲ್ಲಿ ಕೊಡುವವರು ಸರಾಸರಿ ನೂರಕ್ಕೆ 26 ಮಾತ್ರ ಕೊಟ್ಟರು, ಪಡೆಯುವವರು ಬೇಡವೆಂದದ್ದು ಅತಿ ವಿರಳ. ಮುಂದೆ ಹದಿನೈದು ಸಣ್ಣ ಸಮಾಜಗಳಲ್ಲಿ ಆಡಿಸಿದಾಗ, ಇಂಡೊನೇಷ್ಯಾದ ಲಮಲೆರಾದ ತಿಮಿಂಗಿಲ ಬೇಟೆಗಾರರು ಸರಾಸರಿ ಅರ್ಧಕ್ಕಿಂತ ಹೆಚ್ಚು ಕೊಟ್ಟರು. ದೋಣಿ ತುಂಬ ಜನ ಸೇರಿ ಹಿಡಿದದ್ದನ್ನು ಹಂಚಿ ತಿನ್ನುವವರು ಅವರು. ನ್ಯಾಯದ ಅಳತೆಗೋಲು ಊರಿನ ದುಡಿಮೆಯ ರೀತಿಯಿಂದ ಬರುತ್ತದೆ.

ಸ್ವಾಭಿಮಾನಕ್ಕೂ ಬೆಲೆಯಿದೆ ಎಂಬುದನ್ನು ಈಶಾನ್ಯ ಭಾರತದ ಹಳ್ಳಿಗಳಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಲ್ಲಿ ಹಂಚುವ ಮೊತ್ತ 20 ರೂಪಾಯಿಯಿಂದ 20,000ದವರೆಗೆ ಇತ್ತು. ದೊಡ್ಡ ಮೊತ್ತದಲ್ಲಿ ಜಿಪುಣ ಪಾಲನ್ನು ನಿರಾಕರಿಸಿದವರು ಬಹುತೇಕ ಇರಲಿಲ್ಲ.

ಜಾತಿಯಂಥ ವಿಷಯವನ್ನು ಪ್ರಯೋಗದಲ್ಲಿ ಹಿಡಿಯಲು ಸಾಧ್ಯವೇ?

ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳ ಆರನೇ, ಏಳನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಚಕ್ರವ್ಯೂಹದ ಒಗಟುಗಳನ್ನು ಕೊಟ್ಟರು. ಬಿಡಿಸಿದ ಒಂದೊಂದಕ್ಕೆ ಒಂದು ರೂಪಾಯಿ. ಯಾರ ಜಾತಿಯನ್ನೂ ಹೇಳದಿದ್ದಾಗ ಮೇಲ್ಜಾತಿಯ ಮತ್ತು ಕೆಳಜಾತಿಯ ಹುಡುಗರು ಸಮಸಮವಾಗಿ ಬಿಡಿಸಿದರು. ಎಲ್ಲರೆದುರು ಹೆಸರಿನೊಂದಿಗೆ ಜಾತಿಯನ್ನೂ ಓದಿ ಹೇಳಿದಾಗ ಕೆಳಜಾತಿಯ ಹುಡುಗರ ಸಾಧನೆ ಕುಸಿಯಿತು. 2006ರಲ್ಲಿ ಇದು ಪ್ರಕಟವಾಯಿತು. ಹಾಜರಿ ಕರೆಯುವಾಗ ವಿದ್ಯಾರ್ಥಿವೇತನದ ಪಟ್ಟಿಯನ್ನು ಗಟ್ಟಿಯಾಗಿ ಓದುವ ಅಭ್ಯಾಸವನ್ನು ನಾನು ಬಿಟ್ಟದ್ದು ಇದನ್ನು ಓದಿದ ಮೇಲೆ. ಅದಕ್ಕೂ ಮೊದಲು ಎಷ್ಟು ವರ್ಷ ಓದಿದ್ದೆನೋ.

ಸರ್ಕಾರಗಳು ಇದನ್ನು ಬಳಸುತ್ತಿವೆಯೇ?

ಬ್ರಿಟನ್ 2010ರಲ್ಲಿ ಇದಕ್ಕೆಂದೇ ಒಂದು ತಂಡ ಕಟ್ಟಿತು. ನಮ್ಮ 2018-19ರ ಕೇಂದ್ರ ಆರ್ಥಿಕ ಸಮೀಕ್ಷೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿತು. ಒತ್ತಾಯವಿಲ್ಲದೆ, ದಂಡವಿಲ್ಲದೆ, ಮೆಲ್ಲಗೆ ಮೊಣಕೈ ತಾಗಿಸಿ ದಾರಿ ತೋರಿಸುವುದು ಇದರ ರೀತಿ. ಚೆನ್ನಾಗಿ ಫಲಿಸಿದ ಉದಾಹರಣೆ ಥೇಲರ್ ಮತ್ತು ಶ್ಲೊಮೊ ಬೆನಾರ್ಟ್ಸಿ ಅವರ ಪಿಂಚಣಿ ಯೋಜನೆ: ಈಗ ಹೆಚ್ಚು ಉಳಿಸಿ ಎನ್ನದೆ, ಮುಂದೆ ಸಂಬಳ ಏರಿದಾಗ ಉಳಿತಾಯದ ಪಾಲೂ ಏರಲಿ ಎಂದು ಇಂದೇ ಒಪ್ಪಿಸಿಕೊಂಡರು. ಮೊದಲು ಜಾರಿಯಾದ ಕಂಪನಿಯಲ್ಲಿ ಒಪ್ಪಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ನೂರಕ್ಕೆ 3.5ರಿಂದ 13.6ಕ್ಕೆ ಏರಿತು.

ಆದರೆ ಇದು ಅಗ್ಗದ ಮದ್ದು, ಆದ್ದರಿಂದಲೇ ಸರ್ಕಾರಗಳಿಗೆ ಪ್ರೀತಿ. 2022ರಲ್ಲಿ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಎಲಿಜಬೆತ್ ಲಿನೋಸ್ ಲೆಕ್ಕ ಹಾಕಿದಾಗ, ವಿದ್ವತ್ ಪತ್ರಿಕೆಗಳಲ್ಲಿ ಪ್ರಕಟವಾದ ಇಂಥ ಪ್ರಯೋಗಗಳ ಸರಾಸರಿ ಪರಿಣಾಮ 8.7 ಶೇಕಡಾ ಅಂಶ, ಅಂದರೆ ನೂರರಲ್ಲಿ ಸುಮಾರು ಒಂಬತ್ತು ಜನ ಹೆಚ್ಚುವರಿಯಾಗಿ ಆ ದಾರಿ ಹಿಡಿದರು. ಅಮೆರಿಕದ ಎರಡು ದೊಡ್ಡ ತಂಡಗಳು ನಿಜವಾಗಿ ನಡೆಸಿದ ಎಲ್ಲವನ್ನೂ ಸೇರಿಸಿದರೆ 1.4 ಮಾತ್ರ. ಫಲಿಸಿದ್ದು ಅಚ್ಚಾಗುತ್ತದೆ, ಫಲಿಸದ್ದು ಕಪಾಟಿನಲ್ಲಿ ಉಳಿಯುತ್ತದೆ.

ಪ್ರಯೋಗಗಳನ್ನೇ ನಂಬಬಹುದೇ?

ಮತ್ತೆ ಮಾಡಿ ನೋಡಿದವರನ್ನು ನಂಬಿ. 2015ರಲ್ಲಿ ಮನಃಶಾಸ್ತ್ರದ 100 ಅಧ್ಯಯನಗಳನ್ನು ಮರುಪರೀಕ್ಷಿಸಿದಾಗ ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ನಿಂತವು. 2016ರಲ್ಲಿ ಅರ್ಥಶಾಸ್ತ್ರದ 18 ಪ್ರಯೋಗಗಳನ್ನು ಮರುಪರೀಕ್ಷಿಸಿದಾಗ 11 ನಿಂತವು. ಪ್ರಾಮಾಣಿಕತೆಯ ಬಗ್ಗೆ 2012ರಲ್ಲಿ ಬಂದಿದ್ದ ಒಂದು ಹೆಸರಾಂತ ಲೇಖನವನ್ನು 2021ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಅದರ ಅಂಕಿಅಂಶಗಳೇ ಕಟ್ಟುಕಥೆ. ಈ ವಿಷಯ ಹೇಳಿದಾಗ ತರಗತಿ ಐದು ನಿಮಿಷ ನಗುತ್ತದೆ. ನಗಲಿ.

ಪ್ರಯೋಗವನ್ನೇ ಮಾಡದೆ, ಸುಮ್ಮನೆ ಕಣ್ಣಿಟ್ಟು ನೋಡಿದರೆ ಸಾಲದೇ?

ಕೆಲವು ಸಲ ಊರೇ ಪ್ರಯೋಗಶಾಲೆಯಾಗಿರುತ್ತದೆ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ 1956ರವರೆಗೆ ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಬರೆಯುವಾಗ ಊರುಗಳ ನಿಜ ಹೆಸರು ಮರೆಸಿದರು. ಕನ್ನಂಬಾಡಿಯ ನಾಲೆ ಬಂದಾಗ ಒಂದು ಹಳ್ಳಿಗೆ ನೀರು ಸಿಕ್ಕಿತು, ಇನ್ನೊಂದು ಎತ್ತರದಲ್ಲಿದ್ದುದರಿಂದ ಸಿಗಲಿಲ್ಲ. ಬದಲಾಗುವುದು ನೀರು ಬಂದ ಊರು ಎಂದು ಯಾರಾದರೂ ಹೇಳುತ್ತಿದ್ದರು. ಆದದ್ದು ಬೇರೆ. ಗದ್ದೆ ಕಬ್ಬು ಬಂದ ಊರು ಹಳೆಯ ಕೆಲಸವನ್ನೇ ಹೆಚ್ಚು ಹುರುಪಿನಿಂದ ಮಾಡಿತು, ಹಳೆಯ ಸಂಬಂಧಗಳು ಹಾಗೆಯೇ ಉಳಿದವು. ಒಣಗಿದ ಊರಿನವರು ಮಂಡ್ಯಕ್ಕೆ ನೌಕರಿಗೆ ಹೊರಟರು, ವ್ಯಾಪಾರಕ್ಕೆ ಇಳಿದರು, ಅಕ್ಕಪಕ್ಕದ ನೀರಾವರಿ ಊರುಗಳಲ್ಲಿ ಜಮೀನು ಕೊಂಡರು. ಊರೊಳಗಿನ ಹಳೆಯ ಕಟ್ಟುಗಳು ಅಲ್ಲೇ ಹೆಚ್ಚು ಸಡಿಲವಾದವು. ಆದರೆ ಎರಡೇ ಊರು; ನೀರನ್ನು ಯಾರೂ ಚೀಟಿ ಎತ್ತಿ ಹಂಚಿರಲಿಲ್ಲ. ಪ್ರಯೋಗದ ಬಲವಿರುವುದು ಆ ಚೀಟಿ ಎತ್ತುವುದರಲ್ಲಿ, ಅಂದರೆ ಯಾರಿಗೆ ಏನು ಸಿಗಬೇಕೆಂಬುದನ್ನು ಅದೃಷ್ಟಕ್ಕೆ ಬಿಡುವುದರಲ್ಲಿ. ಎಪ್‌ಸ್ಟೀನ್ ಅವರ ಬಲವಿರುವುದು ಎರಡು ವರ್ಷ ಅಲ್ಲೇ ಇದ್ದುದರಲ್ಲಿ.

ಅರ್ಥಶಾಸ್ತ್ರ ಓದಿದವರು ಇಂಥ ತಪ್ಪುಗಳನ್ನು ಮಾಡುವುದಿಲ್ಲ ಅಲ್ಲವೇ?

ನನ್ನ ಹಳೆಯ ಸ್ಕೂಟರನ್ನು ಮಾರಬೇಕೆಂದು ಮೂರು ವರ್ಷದ ಹಿಂದೆ ನಿರ್ಧರಿಸಿದೆ. ನೋಡಲು ಬಂದ ಗ್ಯಾರೇಜಿನ ಹುಡುಗ ಒಂದು ಸುತ್ತು ಹಾಕಿ, ಸೈಲೆನ್ಸರ್ ತಟ್ಟಿ, ಆರು ಸಾವಿರ ಎಂದ. ನಾನು ಹದಿನಾಲ್ಕು ಎಂದೆ. ಮೊನ್ನೆ ತಾನೇ ಹೊಸ ಟೈರು ಹಾಕಿಸಿದ್ದೆ, ಕನ್ನಡಿ ಬದಲಿಸಿದ್ದೆ, ಮಗಳನ್ನು ಹತ್ತು ವರ್ಷ ಅದರಲ್ಲೇ ಶಾಲೆಗೆ ಬಿಟ್ಟಿದ್ದೆ. ಅವನು, "ಅದನ್ನೆಲ್ಲ ನಾನು ಯಾರಿಗೆ ಮಾರಲಿ ಸರ್?" ಎಂದು ಕೇಳಿ ಹೊರಟುಹೋದ. ಹೋದ ವರ್ಷ ಅವನೇ ಮತ್ತೆ ಸಿಕ್ಕಾಗ ನಾಲ್ಕು ಸಾವಿರ ಎಂದ. ಸ್ಕೂಟರು ಮೆಟ್ಟಿಲ ಕೆಳಗಿದೆ, ಮೇಲೊಂದು ಹಳೆಯ ಬೆಡ್‌ಶೀಟು ಹೊದಿಸಿದ್ದೇನೆ.